ಸ್ಕ್ಯಾನ್ ಮಾಡಿದ ಹಳೆಯ ಫೋಟೊಗಳಿಗೆ ಇಂದಿನ ತಾರೀಖು ಏಕೆ?

ಪ್ರಶ್ನೆ: ಮನೆಯ ಆಲ್ಬಮ್‌ಗಳಲ್ಲಿದ್ದ ಸುಮಾರು 400 ಫೋಟೊಗಳನ್ನು ಸ್ಕ್ಯಾನ್ ಮಾಡಿ, ಫೋಟೊಗಳನ್ನು ಜೋಡಿಸಿಡುವ ತಂತ್ರಾಂಶವಾದ ಡಿಜಿಕ್ಯಾಮ್‌ಗೆ ಸೇರಿಸಿದೆ. 1978ರ ಮದುವೆಯ ಫೋಟೊಗಳೂ 1990ರ ನಾಮಕರಣದವೂ ಕಲಸಿಹೋಗಿ ಈ ತಿಂಗಳಲ್ಲೇ ಕಾಣಿಸುತ್ತಿವೆ. ಸರಿಪಡಿಸುವುದು ಹೇಗೆ?
– ಓದುಗರು, ಶಿವಮೊಗ್ಗ

ಉತ್ತರ: ಕ್ಯಾಮೆರಾ ತಾನು ಚಿತ್ರ ತೆಗೆದ ದಿನವನ್ನು ಕಡತದೊಳಗಿನ ಎಕ್ಸಿಫ್ ಮಾಹಿತಿಯಲ್ಲಿ ಬರೆದಿಡುತ್ತದೆ. ಮದುವೆ ಯಾವಾಗ ನಡೆಯಿತೆಂದು ಸ್ಕ್ಯಾನರ್‌ಗೆ ಗೊತ್ತಿಲ್ಲವಲ್ಲ! ಆ ಜಾಗ ಖಾಲಿ ಇದ್ದಾಗ ತಂತ್ರಾಂಶವು ಕಡತ ಹುಟ್ಟಿದ ದಿನವನ್ನೇ ಹಿಡಿಯುತ್ತದೆ.

ಮೊದಲು ಇಡೀ ಫೋಲ್ಡರಿನ ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿಡಿ. ಆಮೇಲೆ ಡಿಜಿಕ್ಯಾಮ್‌ನ ಸೆಟ್ಟಿಂಗ್ಸ್‌ನಲ್ಲಿ ಮೆಟಾಡೇಟಾ (ಫೋಟೊ ಕುರಿತ ಮಾಹಿತಿ) ಪುಟ ತೆರೆದು, ತಾರೀಖು, ಶೀರ್ಷಿಕೆ, ಟ್ಯಾಗ್‌ಗಳನ್ನು ಕಡತಕ್ಕೇ ಬರೆಯುವ ಆಯ್ಕೆಗಳಿಗೆ ಗುರುತು ಹಾಕಿ. ಇದನ್ನು ಮರೆಯಲೇಬೇಡಿ. ಮರೆತರೆ ನೀವು ಟೈಪ್ ಮಾಡಿದ ಹೆಸರು, ವಿವರಗಳು ಡಿಜಿಕ್ಯಾಮ್‌ನ ಡೇಟಾಬೇಸಿನಲ್ಲಷ್ಟೇ ಉಳಿಯಬಹುದು. ಕಂಪ್ಯೂಟರ್ ಬದಲಾದ ದಿನ ತಿಂಗಳುಗಟ್ಟಲೆಯ ಶ್ರಮ ಹೋದಂತೆಯೇ.

ಈಗ ಒಂದು ಸಮಾರಂಭದ ಫೋಟೊಗಳನ್ನು ಒಟ್ಟಿಗೆ ಆರಿಸಿ, ಐಟಂ ಮೆನುವಿನ 'ಅಡ್ಜಸ್ಟ್ ಟೈಮ್ ಅಂಡ್ ಡೇಟ್' ತೆರೆಯಿರಿ. ಕಸ್ಟಮ್ ಡೇಟ್‌ನಲ್ಲಿ ಮದುವೆಯ ದಿನ ಕೊಡಿ. ಕೆಳಗೆ ಎಕ್ಸಿಫ್ 'ಒರಿಜಿನಲ್' ಗುರುತಿಸಿ, 'ಡಿಜಿಟೈಸ್ಡ್' ಬಿಟ್ಟುಬಿಡಿ: ಅದು ಸ್ಕ್ಯಾನ್ ಮಾಡಿದ ದಿನಕ್ಕೆ ಮೀಸಲಾದ ಜಾಗ. ವರ್ಷ ಮಾತ್ರ ಗೊತ್ತಿದ್ದರೆ ಜನವರಿ 1 ಎಂದು ಹಾಕಿ, 'ಅಂದಾಜು ತಾರೀಖು' ಎಂಬ ಟ್ಯಾಗ್ ಸೇರಿಸಿ. ಇಲ್ಲವಾದರೆ ಮುಂದೆ ಮನೆಯ ಮಕ್ಕಳು ಅದನ್ನೇ ನಿಜವೆಂದು ನಂಬುತ್ತಾರೆ.

ಕಡತಗಳ ಹೆಸರಿನಲ್ಲಿ 1, 2 ಎಂದು ಬಿಡದೆ 001, 002 ಎಂದಿಡಿ. ಕೆಲವು ತಂತ್ರಾಂಶಗಳಲ್ಲಿ 1ರ ಪಕ್ಕಕ್ಕೆ 10 ಬಂದುಬಿಡುತ್ತದೆ. ಹೆಸರು ಬದಲಿಸುವುದು, ಫೋಲ್ಡರ್ ಸರಿಸುವುದು ಎಲ್ಲವನ್ನೂ ಡಿಜಿಕ್ಯಾಮ್ ಒಳಗಿನಿಂದಲೇ ಮಾಡಿ.

ಪ್ರಶ್ನೆ: ಸ್ಕ್ಯಾನ್ ಮಾಡುವಾಗ ಎಷ್ಟು ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ) ಇಡಬೇಕು? ವಿವರಗಳನ್ನು ಕನ್ನಡದಲ್ಲೇ ಬರೆಯಬಹುದೆ?
– ಓದುಗರು, ಹಾಸನ

ಉತ್ತರ: 4×6 ಇಂಚಿನ ಪ್ರಿಂಟಿಗೆ 600 ಸಾಕು, 2400×3600 ಪಿಕ್ಸೆಲ್ ಸಿಗುತ್ತದೆ. ಟಿಫ್ ಎಂಬ ಕಡತ ಮಾದರಿಯಲ್ಲಿ ಉಳಿಸಿದರೆ ಒಂದೊಂದೂ ಸುಮಾರು 26 ಎಂಬಿ ಆಗುತ್ತದೆ. 35 ಮಿ.ಮೀ. ನೆಗೆಟಿವ್‌ಗೆ ಮಾತ್ರ 2400ಕ್ಕಿಂತ ಕಡಿಮೆ ಬೇಡ. ಕನ್ನಡದಲ್ಲಿ ಧಾರಾಳವಾಗಿ ಬರೆಯಿರಿ, ಆದರೆ ಯೂನಿಕೋಡ್‌ನಲ್ಲೇ. ನುಡಿ ತಂತ್ರಾಂಶದ ಹಳೆಯ ಆಸ್ಕಿ (ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡದ ರೂಪ ಕೂರಿಸಿದ) ಅಕ್ಷರಗಳಲ್ಲಿ ಟೈಪಿಸಿದ್ದು ಬರೀ ಇಂಗ್ಲಿಷ್ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ, ಹುಡುಕಿದರೂ ಸಿಗದು.