ಪ್ರತಿಕ್ರಿಯೆ: ಹಂಡ್ರೆಡ್ ಮಾಡಿಸಿದರೆ ಕುತ್ತಿಗೆ ನೋವು ಅಂತ ಕ್ಲಾಸ್ ಬಿಡುತ್ತಿದ್ದಾರೆ

ಹಂಡ್ರೆಡ್ ಅಂದರೆ ಅಂಗಾತ ಮಲಗಿ, ತಲೆ, ಕಾಲು ಎತ್ತಿ, ಕೈ ಮೇಲೆ ಕೆಳಗೆ ಆಡಿಸುತ್ತಾ 100 ಎಣಿಸುವ ಪಿಲಾಟೀಸ್ ವ್ಯಾಯಾಮ. ನಿಮ್ಮ ಜಯನಗರದ ಪಿಲಾಟೀಸ್ ಬ್ಯಾಚಿನವರು ಎರಡೇ ವಾರಕ್ಕೆ ಬಿಡುತ್ತಿರುವುದು, ಬಹುಶಃ, ತಲೆ ಬೇಗ ಎತ್ತಿಸಿದ್ದಕ್ಕೆ. ನಾನೂ ಕಲಿಸುವಾಗ ಮೊದಲ ದಿನವೇ ಪೂರ್ತಿ 100 ಮಾಡಿಸುತ್ತಿದ್ದೆ. ಕ್ಲಾಸಿಗೆ ಬರುವವರಿಗೆ ದಿನವಿಡೀ ಲ್ಯಾಪ್‌ಟಾಪ್, ಆಮೇಲೆ ಸಿಲ್ಕ್ ಬೋರ್ಡ್ ಟ್ರಾಫಿಕ್. ಕುತ್ತಿಗೆ ಮೊದಲೇ ಬಿಗಿದಿರುತ್ತೆ ಪಾಪ.

ಮೊದಲು ತಲೆ ನೆಲದಲ್ಲೇ ಇರಲಿ, ಮಂಡಿ ಮಡಚಿ ಪಾದ ಊರಿಸಿ. 5 ಎಣಿಕೆ ಉಸಿರು ಒಳಗೆ, 5 ಹೊರಗೆ. 10 ಸುತ್ತಿನ ಬದಲು 3 ಸಾಕು. ಒಂದು ಕೈ ಕೆಳಹೊಟ್ಟೆ ಮೇಲಿರಲಿ. ಉಸಿರು ಬಿಡುವಾಗ ಹೊಟ್ಟೆ ಬೆರಳನ್ನು ಮೇಲಕ್ಕೆ ತಳ್ಳಿದರೆ ಅಲ್ಲಿಗೇ ನಿಲ್ಲಿಸಿ. ತಳ್ಳದೆ ಮುಗಿಸಿದವರಿಗೆ ಮಾತ್ರ ಮುಂದಿನ ವಾರ ತಲೆ ಎತ್ತಿಸಿ, ಅದೂ ಕೈಯಾಸರೆ ಕೊಟ್ಟು. "ಹೊಟ್ಟೆ ಬಿಗಿ ಹಿಡೀರಿ" ಅಂತ ಕೂಗಬೇಡಿ, ಉಸಿರೇ ಕಟ್ಟಿಬಿಡ್ತಾರೆ.

ನೋವು ತೋಳಿಗಿಳಿದರೆ, ಬೆರಳು ಜೋಮು ಹಿಡಿದರೆ ಕಾರಣ ಬೇರೆಯೇ ಇರಬಹುದು. ಡಾಕ್ಟರಿಗೆ ತೋರಿಸಿ ಬರಲಿ.