ಆಪರೇಷನ್ ಕೋಣೆಯಲ್ಲಿ ಹಸುಗೂಸಿಗೆ ಚಳಿ ಆಗಲ್ವಾ?

ಪ್ರಶ್ನೆ: ನಾವು ನಾಪೋಕ್ಲು ಕಡೆಯವರು. ಹೋದ ಕಕ್ಕಡ ತಿಂಗಳ ಮಳೆಯಲ್ಲಿ ಮಗಳಿಗೆ ಹೆರಿಗೆ ಆಯಿತು. ಮರುದಿನವೇ ಮಗು ಹಸಿರು ಬಣ್ಣದ ವಾಂತಿ ಮಾಡಿತು. ಕರುಳಿನಲ್ಲಿ ತಡೆ ಇದೆ ಎಂದು ಮೈಸೂರಿಗೆ ಕಳಿಸಿದರು. ಮೂರನೇ ದಿನ ಆಪರೇಷನ್ ಆಯಿತು. ಈಗ ಮೊಮ್ಮಗಳು ಹಾಲು ಕುಡಿದು ಚೆನ್ನಾಗಿದ್ದಾಳೆ. ಆದರೆ ಥಿಯೇಟರಿಗೆ ಒಯ್ಯುವಾಗ ನಾನು ಹೊಲಿದ ಕುಲಾವಿ, ಸುತ್ತಿದ್ದ ಬಟ್ಟೆ ಎಲ್ಲ ಬಿಚ್ಚಿ ನನ್ನ ಕೈಗೇ ಕೊಟ್ಟರು. ಒಳಗೆ ಎಸಿ ಇರುತ್ತದೆ ಅಲ್ವಾ? ಅಷ್ಟು ಹೊತ್ತು ಬರಿ ಮೈಯಲ್ಲಿ ಅವಳಿಗೆ ಚಳಿ ಆಗಲಿಲ್ಲವೇ? ಯಾರನ್ನು ಕೇಳಬೇಕು ಎಂದೇ ಗೊತ್ತಾಗಲಿಲ್ಲ.
— ಒಬ್ಬ ಅಜ್ಜಿ

ಉತ್ತರ: ಅಮ್ಮ, ಇದನ್ನು ಕೇಳಿದ್ದು ತುಂಬಾ ಒಳ್ಳೆಯದಾಯಿತು. ನಾನು ಹಲವು ವರ್ಷ ಮಕ್ಕಳ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವಳು. ಹಸುಗೂಸಿನ ಕೇಸ್ ಇದ್ದ ದಿನ ನಾವು ಕತ್ತರಿ ಮುಟ್ಟುವ ಮೊದಲು ಎಸಿ ಮುಟ್ಟುತ್ತಿದ್ದೆವು. ದೊಡ್ಡವರಿಗೆ ಕೋಣೆ 20-22 ಡಿಗ್ರಿ ಇದ್ದರೆ ಸಾಕು. ಹಸುಗೂಸಿಗೆ ಅದನ್ನು 26-28 ಡಿಗ್ರಿವರೆಗೂ ಏರಿಸುತ್ತಾರೆ. ಮೈತುಂಬ ಗೌನು ಹಾಕಿ, ತಲೆ ಮೇಲೆ ದೀಪ ಉರಿಯುವಾಗ ಡಾಕ್ಟರಿಗೆ ಹಣೆಯಿಂದ ಬೆವರು ಇಳಿಯುತ್ತಿರುತ್ತದೆ, ನಾವು ಪಕ್ಕದಲ್ಲಿ ನಿಂತು ಒರೆಸುತ್ತಲೇ ಇರುತ್ತೇವೆ. ಎಸಿ ಹಾಕಿ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಇಷ್ಟೆಲ್ಲ ಯಾಕೆ ಅಂದರೆ, ಆ ಮೂರು ಕೆಜಿ ದೇಹಕ್ಕೆ ಶಾಖ ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ. ತೂಕ ಕಡಿಮೆ, ಅದಕ್ಕೆ ಹೋಲಿಸಿದರೆ ಚರ್ಮದ ಹರವು ಜಾಸ್ತಿ. ಚರ್ಮವೂ ತೆಳು, ಅದರ ಕೆಳಗೆ ಕೊಬ್ಬೂ ಕಡಿಮೆ. ನಮಗೆ ಚಳಿಯಾದರೆ ಮೈ ನಡುಗಿ ಬಿಸಿ ಹುಟ್ಟುತ್ತದೆ, ಹಸುಗೂಸಿಗೆ ಹಾಗೆ ನಡುಗಲೂ ಆಗುವುದಿಲ್ಲ. ಅದರ ಬದಲು ಹೆಗಲ ಮೂಳೆಗಳ ನಡುವೆ, ಕತ್ತಿನ ಸುತ್ತ, ಮೂತ್ರಪಿಂಡದ ಸುತ್ತ ಕಂದು ಬಣ್ಣದ ಒಂದು ವಿಶೇಷ ಕೊಬ್ಬು ಇರುತ್ತದೆ. ಒಲೆಯಲ್ಲಿ ಸೌದೆ ಉರಿದ ಹಾಗೆ ಅದು ಉರಿದು ಮಗುವನ್ನು ಬೆಚ್ಚಗಿಡುತ್ತದೆ. ಆದರೆ ಮಂಪರು ಕೊಟ್ಟಾಗ ಆ ಒಲೆಯೂ ಮಂಕಾಗುತ್ತದೆ. ಆಗ ಮಗುವಿನ ಶಾಖ ಪೂರ್ತಿ ನಮ್ಮ ಕೈಯಲ್ಲಿ.

ಬಟ್ಟೆ ಬಿಚ್ಚಿದ್ದು ಎದೆ ಏರಿಳಿಯುವುದು ಕಾಣಲಿ, ತಂತಿಗಳನ್ನು ಅಂಟಿಸಲು ಜಾಗ ಸಿಗಲಿ, ಹೊಟ್ಟೆ ಸ್ವಚ್ಛ ಮಾಡಲು ಆಗಲಿ ಎಂದು. ಒಳಗೆ ಹೋದ ಮೇಲೆ ಕೈಕಾಲಿಗೆ ಹತ್ತಿ ಸುತ್ತುತ್ತಾರೆ, ತಲೆಗೂ ಮುಚ್ಚುತ್ತಾರೆ, ಯಾಕೆಂದರೆ ಹಸುಗೂಸಿನ ಮೈಯಲ್ಲಿ ತಲೆಯದೇ ದೊಡ್ಡ ಪಾಲು. ಕೆಳಗೆ ಬಿಸಿಗಾಳಿ ತುಂಬುವ ತೆಳು ಹಾಸಿಗೆ, ಅದಿಲ್ಲದ ಕಡೆ ಮೇಲಿನಿಂದ ಶಾಖ ಕೊಡುವ ವಾರ್ಮರ್. ಹೊಟ್ಟೆ ತೊಳೆಯುವ ಸಲೈನ್ ಬೆಚ್ಚಗಿರಬೇಕು. ಔಷಧಿ ನೀರು ಬೆನ್ನಿನಡಿ ಹರಿದು ನಿಲ್ಲಬಾರದು, ಒದ್ದೆ ಆರುವಾಗಲೇ ಶಾಖ ಸರ್ರನೆ ಇಳಿಯುವುದು. ಉಸಿರಿಗೆ ಕೊಡುವ ಗಾಳಿಗೂ ಬಿಸಿ, ತೇವ ಸೇರಿಸುತ್ತಾರೆ. ಬಾಯಿ, ಮೂಗು ಅಥವಾ ಗುದದ ಮೂಲಕ ಸಣ್ಣ ತಂತಿ ಇಟ್ಟಿರುತ್ತಾರೆ. ಅದರ ಅಂಕಿ 36.5 ರಿಂದ 37.5 ಡಿಗ್ರಿ ಒಳಗೆ ಇದೆಯಾ ಎಂದು ಒಬ್ಬರ ಕಣ್ಣು ಸದಾ ಅದರ ಮೇಲೆ. ಮೈ ತಣ್ಣಗಾದರೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಸಕ್ಕರೆ ಇಳಿಯುತ್ತದೆ, ಮಂಪರು ಬೇಗ ಬಿಡುವುದಿಲ್ಲ, ಆಮೇಲೆ ಉಸಿರೂ ತಡೆಯಬಹುದು. ಅತಿಯಾಗಿ ಬಿಸಿ ಮಾಡಿದರೂ ತಪ್ಪೇ.

ಇನ್ನೊಂದು ಮಾತು ಹೇಳಬೇಕು. ನಾನು ನೋಡಿದ ಮಟ್ಟಿಗೆ ಮಗು ತಣ್ಣಗಾಗುವುದು ಮೇಜಿನ ಮೇಲೆ ಅಲ್ಲ, ದಾರಿಯಲ್ಲಿ. ನಾನಿದ್ದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಎರಡು ದಿನದ ಗಂಡು ಮಗುವಿನ ಆಪರೇಷನ್ ಸೊಗಸಾಗಿ ಮುಗಿಯಿತು. ಐಸಿಯುಗೆ ಒಯ್ಯುವಾಗ ಲಿಫ್ಟ್ ಬರಲಿಲ್ಲ. ಒಂದು ದುಪ್ಪಟಿ ಸುತ್ತಿಕೊಂಡು ಗಾಳಿ ಬೀಸುವ ಕಾರಿಡಾರಿನಲ್ಲಿ ಕಾದೆವು. ಮೇಲೆ ಹೋಗಿ ನೋಡಿದರೆ 35.4 ಡಿಗ್ರಿ. ಆ ಮಗು ಆ ರಾತ್ರಿ ಪೂರ್ತಿ ವೆಂಟಿಲೇಟರಿನಲ್ಲೇ ಇರಬೇಕಾಯಿತು. ಬದುಕಿತು, ಆದರೆ ಆ ಅಂಕಿ ನನಗೆ ಇಂದಿಗೂ ಮರೆತಿಲ್ಲ. ಅಂದಿನಿಂದ ಲಿಫ್ಟ್ ಬಂದು ನಿಂತಿದೆ ಎಂದು ಫೋನ್ ಬರುವ ತನಕ ಮಗುವನ್ನು ವಾರ್ಮರಿನಿಂದ ಎತ್ತಲು ನಾನು ಬಿಡುತ್ತಿರಲಿಲ್ಲ.

ಹಾಗಾಗಿ ನಿಮ್ಮ ಪತ್ರ ಓದಿದಾಗ ನನಗೆ ಹೆದರಿಕೆ ಆದದ್ದು ಗೋಣಿಕೊಪ್ಪ, ತಿತಿಮತಿ ಕಾಡು, ಹುಣಸೂರು ದಾಟಿ ಸುರಿಯುವ ಮಳೆಯಲ್ಲಿ ನೀವು ಹೋದ ಆ ದಾರಿ ನೆನೆದು. ನಿಮ್ಮ ಕುಲಾವಿ ಕೆಲಸ ಮಾಡಿದ್ದು ಅಲ್ಲೇ. ಮತ್ತೆ, ಹಸಿರು ವಾಂತಿ ಕಂಡ ಕೂಡಲೇ ಹೊರಟಿರಲ್ಲ, ಅದು ದೊಡ್ಡ ವಿಷಯ. ಹಸುಗೂಸು ಹಸಿರು ವಾಂತಿ ಮಾಡಿದರೆ ಯಾರೂ ಒಂದು ರಾತ್ರಿ ಕೂಡ ಕಾಯಬಾರದು.

ಪ್ರಶ್ನೆ: ನಾನು ಸೋಮವಾರಪೇಟೆಯವನು. ಹೆಂಡತಿಗೆ ಏಳನೇ ತಿಂಗಳು. ಮಗುವಿನ ಕರುಳು ಹೊಟ್ಟೆಯ ಹೊರಗೆ ಇದೆ ಎಂದು ಸ್ಕ್ಯಾನಿನಲ್ಲಿ ಗೊತ್ತಾಗಿದೆ. ಹೆರಿಗೆ ಇಲ್ಲೇ ಮಾಡಿಸಿ, ಆಮೇಲೆ ಮಗುವನ್ನು ಕರೆದುಕೊಂಡು ಹೋಗಬಹುದೇ?

ಉತ್ತರ: ಬೇಡ ತಮ್ಮಾ. ಮಕ್ಕಳ ಸರ್ಜನ್, ಹಸುಗೂಸಿನ ಐಸಿಯು ಎರಡೂ ಇರುವ ಕಡೆಯೇ ಹೆರಿಗೆ ಆಗಲಿ. ದಿನ ಹತ್ತಿರ ಬರುವ ಮೊದಲೇ, ಡಾಕ್ಟರನ್ನು ಕೇಳಿ, ಆ ಊರಿನಲ್ಲಿ ಉಳಿಯುವ ಏರ್ಪಾಡು ಮಾಡಿಕೊಳ್ಳಿ. ತಾಯಿಯ ಹೊಟ್ಟೆಯಷ್ಟು ಬೆಚ್ಚಗಿನ ಆಂಬುಲೆನ್ಸ್ ಎಲ್ಲೂ ಸಿಗುವುದಿಲ್ಲ. ಹೊರಗಿರುವ ಕರುಳು ಒದ್ದೆ ಒದ್ದೆ ಇರುತ್ತದೆ, ಅದರಿಂದ ನೀರೂ ಶಾಖವೂ ಒಟ್ಟಿಗೆ ಹೋಗುತ್ತವೆ. ಅದಕ್ಕೇ ಹುಟ್ಟಿದ ತಕ್ಷಣ ಮಗುವನ್ನು ಎದೆಯವರೆಗೆ ಸ್ವಚ್ಛವಾದ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಡುತ್ತಾರೆ. ಅದನ್ನು ನೋಡಿ ಗಾಬರಿ ಆಗಬೇಡಿ. ನಿಮ್ಮ ಹೆಂಡತಿಗೂ ಈಗಲೇ ಹೇಳಿಡಿ, ಆ ಹೊತ್ತಿನಲ್ಲಿ ಹೇಳಿದರೆ ಕಿವಿಗೆ ಹೋಗುವುದಿಲ್ಲ.

ಪ್ರಶ್ನೆ: ಆಪರೇಷನ್ ಆದ ಮಗುವನ್ನು ಮನೆಗೆ ತಂದಿದ್ದೇವೆ. ಮಡಿಕೇರಿಯ ಚಳಿಗೆ ಕೋಣೆಯಲ್ಲಿ ಕೆಂಡ ಇಡಬಹುದೇ? ಹಾಸಿಗೆಯಲ್ಲಿ ಬಿಸಿನೀರಿನ ಬ್ಯಾಗ್?

ಉತ್ತರ: ಎರಡೂ ಬೇಡ. ನಮ್ಮಲ್ಲಿ ಅಗ್ಗಿಷ್ಟಿಕೆ ಇಡುವುದು ಹಳೆಯ ರೂಢಿ, ಪ್ರೀತಿಯಿಂದಲೇ ಇಡುತ್ತಾರೆ, ಗೊತ್ತು. ಆದರೆ ಮಳೆಗೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಾಣಂತಿ ಮಗು ಇಬ್ಬರಿಗೂ ಜೀವಕ್ಕೆ ಅಪಾಯ. ಬಿಸಿನೀರಿನ ಬ್ಯಾಗಿನಿಂದ ಆ ತೆಳು ಚರ್ಮ ಸುಟ್ಟು ಹೋಗುವುದನ್ನು ಕಣ್ಣಾರೆ ನೋಡಿದ್ದೇನೆ.

ಡಾಕ್ಟರು ಒಪ್ಪಿದರೆ, ಗಾಯಕ್ಕೆ ಒತ್ತಡ ಬೀಳದ ಹಾಗೆ, ಬರಿ ಡೈಪರು, ಕುಲಾವಿಯಲ್ಲಿ ಮಗುವನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ನೆಟ್ಟಗೆ ಮಲಗಿಸಿ, ಮೇಲೆ ಶಾಲು ಹೊದಿಸಿ. ಮೂಗು ಬಾಯಿ ತೆರೆದಿರಲಿ. ಕೊಲಂಬಿಯಾ ದೇಶದ ಬೊಗೋಟದಲ್ಲಿ 1978ರಲ್ಲಿ ಇನ್‌ಕ್ಯುಬೇಟರ್, ಅಂದರೆ ಹಸುಗೂಸನ್ನು ಬೆಚ್ಚಗಿಡುವ ಪೆಟ್ಟಿಗೆ, ಸಾಲದೆ ಬಂದಾಗ ಡಾಕ್ಟರುಗಳು ಶುರು ಮಾಡಿದ ಕ್ರಮ ಇದು. ಕಾಂಗರೂ ಆರೈಕೆ ಎನ್ನುತ್ತಾರೆ. ತಾಯಿಗೆ ಸುಸ್ತಾದರೆ ಅಪ್ಪನೂ ಮಾಡಬಹುದು, ಅಜ್ಜಿಯೂ ಮಾಡಬಹುದು.

ದಿನಕ್ಕೆ ನಾಲ್ಕಾರು ಸಲ ನಿಮ್ಮ ಕೈಯ ಹಿಂಭಾಗದಿಂದ ಮಗುವಿನ ಹೊಟ್ಟೆ, ಪಾದ ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಚಳಿ ಶುರುವಾಗಿದೆ ಎಂದು ಅರ್ಥ, ಕೂಡಲೇ ಎದೆಗೆ ಹಾಕಿಕೊಂಡು ಹಾಲು ಕುಡಿಸಿ. ಎರಡೂ ತಣ್ಣಗಿದ್ದರೆ ಮನೆಯಲ್ಲಿ ಕಾಯಬೇಡಿ, ಮಗುವನ್ನು ಎದೆಯಿಂದ ಇಳಿಸದೆ ಹಾಗೇ ಆಸ್ಪತ್ರೆಗೆ ಹೊರಡಿ.