ಸಿರೋಸಿಸ್ ಇರುವ ತಂದೆಯವರು ಹಗಲಿಡೀ ಮಲಗಿರುತ್ತಾರೆ, ಹೊಟ್ಟೆಯಲ್ಲಿ ನೀರು ತುಂಬಿದೆ: ಏನು ಮಾಡಬೇಕು?

ಮದ್ದೂರು ಕಡೆಯವರಾದ ತಾವು ಮೂರು ವಿಷಯ ಕೇಳಿದ್ದೀರಿ: ಹೊಟ್ಟೆಯ ನೀರು ತೆಗೆಸಿದರೆ ಇನ್ನಷ್ಟು ತುಂಬುತ್ತದೆಯೇ, ಬೇಳೆ ಮೊಟ್ಟೆ ನಿಲ್ಲಿಸಬೇಕೇ, ಹಗಲು ನಿದ್ದೆ ಮಾಡಿ ರಾತ್ರಿ ಎದ್ದು ಕೂರುವುದು ವಯಸ್ಸಿನ ದೋಷವೇ ಎಂದು. ಸಿರೋಸಿಸ್, ಅಂದರೆ ಲಿವರ್ ಗಾಯಗಟ್ಟಿ ಗಡುಸಾಗುವ ಕಾಯಿಲೆ, ಇರುವ ರೋಗಿಗಳನ್ನು ಮೈಸೂರಿನಲ್ಲಿ ನೋಡುವ ವೈದ್ಯನಾಗಿ ಹೇಳುವುದಾದರೆ, ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ತುರ್ತಿನದು.

ಕರುಳಿನಲ್ಲಿ ಹುಟ್ಟುವ ಅಮೋನಿಯವನ್ನು ಕೆಟ್ಟ ಲಿವರ್ ಶುದ್ಧಿ ಮಾಡಲಾರದೆ ಹೋದಾಗ ಅದು ಮಿದುಳನ್ನು ಮಂಕಾಗಿಸುತ್ತದೆ. ನಿದ್ದೆ ಅದಲುಬದಲಾಗುವುದು ಅದರ ಮೊದಲ ಸೂಚನೆಯಾಗಿರಬಹುದು. ಮಲಬದ್ಧತೆ, ಸೋಂಕು, ಒಳಗಿನ ರಕ್ತಸ್ರಾವ, ನಿದ್ದೆ ಮಾತ್ರೆ ಇವೆಲ್ಲ ಅದನ್ನು ಕೆರಳಿಸುತ್ತವೆ. ಮಂಡ್ಯ ಕಡೆಯ ರೈತರೊಬ್ಬರು ಒಂದು ಬೆಳಿಗ್ಗೆ ಖಾಲಿ ಕ್ಯಾನ್ ಹಿಡಿದು ಡೇರಿಗೆ ಹೋಗಿ, ಹಾಲು ಅಳೆಯಿರಿ ಎಂದು ನಿಂತಿದ್ದರಂತೆ. ನನ್ನೆದುರು ಕೈ ಚಾಚಿ ಅಂಗೈಗಳನ್ನು ಮೇಲೆತ್ತಿ ಹಿಡಿದಾಗ ಎರಡೂ ರೆಕ್ಕೆ ಬಡಿದಂತೆ ಬಿದ್ದು ಏಳುತ್ತಿದ್ದವು. ಭೇದಿಯಾಗುತ್ತದೆಂದು ಹೆದರಿ ಮನೆಯವರು ಮಲ ಸಡಿಲಿಸಿ ಅಮೋನಿಯ ಹೊರಹಾಕುವ ಲ್ಯಾಕ್ಟುಲೋಸ್ ಸಿರಪ್ ನಿಲ್ಲಿಸಿದ್ದರು. ಮೂರು ದಿನದಿಂದ ಅವರಿಗೆ ಹೊರಕಡೆ ಆಗಿರಲಿಲ್ಲ. ದಿನಕ್ಕೆ 2–3 ಸಲ ಮೆತ್ತಗೆ ಹೋಗುವಂತೆ ಆ ಸಿರಪ್ಪಿನ ಪ್ರಮಾಣವನ್ನು ಹೊಂದಿಸಬೇಕು. ನೀರುನೀರಾಗಿ ಹಲವು ಸಲ ಹೋಗುವುದೂ ಅಪಾಯವೇ. ತಂದೆಯವರನ್ನು ಮುಂದಿನ ತಪಾಸಣೆಯವರೆಗೆ ಕಾಯಿಸದೆ ಕೂಡಲೇ ವೈದ್ಯರಿಗೆ ತೋರಿಸಿ.

ಇನ್ನು ನೀರಿನ ಮಾತು. ತೆಗೆದ ಕಾರಣಕ್ಕೆ ಅದು ತುಂಬುವುದಿಲ್ಲ. ಲಿವರಿಗೆ ರಕ್ತ ಒಯ್ಯುವ ಪೋರ್ಟಲ್ ನಾಳದ ಒತ್ತಡ ಏರಿ, ಮೂತ್ರಪಿಂಡಗಳು ಉಪ್ಪನ್ನು ಹಿಡಿದಿಟ್ಟುಕೊಳ್ಳುವುದರಿಂದ ತುಂಬುತ್ತದೆ. ತೆಗೆದ ನೀರಿನಲ್ಲಿ ಕಣಗಳ ಎಣಿಕೆ ಮಾಡಿಸಿದ್ದಾರೆಯೇ ಎಂದು ದಯವಿಟ್ಟು ಕೇಳಿ. ಒಂದು ಘನ ಮಿಲಿಮೀಟರಿನಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು 250 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಜ್ವರವಾಗಲಿ ಹೊಟ್ಟೆನೋವಾಗಲಿ ಇಲ್ಲದಿದ್ದರೂ ಸೋಂಕೆಂದೇ ತಿಳಿದು, ರೋಗಾಣು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯ ವರದಿಗೆ ಕಾಯದೆ ಆಂಟಿಬಯೋಟಿಕ್ ಆರಂಭಿಸುತ್ತೇವೆ. ಒಂದೇ ಸಲಕ್ಕೆ 5 ಲೀಟರಿಗಿಂತ ಹೆಚ್ಚು ತೆಗೆದರೆ ಲೀಟರಿಗೆ ಸುಮಾರು 8 ಗ್ರಾಂ ಲೆಕ್ಕದಲ್ಲಿ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನನ್ನು ನರದ ಮೂಲಕ ಕೊಡಬೇಕು. ಅದು ದುಬಾರಿ ಎಂಬುದು ನನಗೆ ಗೊತ್ತು, ಆದರೂ ಅದನ್ನು ಬಿಟ್ಟರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು.

ಉಪ್ಪು ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರದಿರಲಿ. ಮುದ್ದೆ ತೊಂದರೆ ಕೊಡುವುದಿಲ್ಲ, ಅದರ ಜೊತೆಗಿನ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಕೊಡುತ್ತವೆ. ಸೋಡಿಯಂ ಕಡಿಮೆ ಇರುವ ಉಪ್ಪು ಎಂದು ಮಾರುವುದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಹೊಟ್ಟೆಯ ನೀರಿಳಿಸಲು ಕೊಡುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ದೇಹದಲ್ಲಿ ಪೊಟ್ಯಾಸಿಯಂ ಉಳಿಸುವುದರಿಂದ, ಅದನ್ನು ನುಂಗುವವರಿಗೆ ಈ ಉಪ್ಪು ಬೇಡ.

ಬೇಳೆ, ಮೊಟ್ಟೆ, ಹಾಲನ್ನು ನಿಲ್ಲಿಸಬೇಡಿ. ನಿಲ್ಲಿಸಿದರೆ ಮಾಂಸಖಂಡ ಕರಗಿ, ಅಮೋನಿಯವನ್ನು ತಾಳಿಕೊಳ್ಳುವ ಶಕ್ತಿಯೂ ಕುಂದುತ್ತದೆ. ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ಜೊತೆಗೆ ಮಲಗುವ ಮುಂಚೆ ಏನಾದರೂ ತಿನ್ನಲಿ. ಕುಡಿತ ಪೂರ್ತಿ ನಿಲ್ಲಬೇಕು. ಮೈಕೈ ನೋವಿಗೆ ಅಂಗಡಿಯ ಡೈಕ್ಲೊಫೆನಾಕ್, ಐಬುಪ್ರೊಫೇನ್ ಕೊಡಲೇಬೇಡಿ.

ಎಂಡೋಸ್ಕೋಪಿ ಆಗಿರದಿದ್ದರೆ ಅನ್ನನಾಳದ ಉಬ್ಬಿದ ರಕ್ತನಾಳಗಳ ಬಗ್ಗೆ ವೈದ್ಯರನ್ನು ವಿಚಾರಿಸಿ. ರಕ್ತ ವಾಂತಿಯಾದರೆ, ಮಲ ಟಾರಿನಂತೆ ಕಪ್ಪಾಗಿ ಹೋದರೆ, ಅಥವಾ ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿದ್ದರೆ ಬೆಳಗಾಗಲಿ ಎನ್ನದೆ 108ಕ್ಕೆ ಕರೆ ಮಾಡಿ. ಡಾಕ್ಟರ ಬಳಿ ಹೋಗುವಾಗ ದಿನದಿನದ ತೂಕ, ಎಷ್ಟು ಸಲ ಹೊರಕಡೆ ಆಯಿತು, ರಾತ್ರಿ ಎಷ್ಟು ಹೊತ್ತು ಎದ್ದಿದ್ದರು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿ.